ಗೇಟಿನ ಬಣ್ಣ ಹೊತ್ತ ಗಿಟಾರು

ಬ್ಯಾಂಕಿನಲ್ಲಿ ಲೆಡ್ಜರನ್ನು ಕೈಯಲ್ಲೇ ಬರೆಯುತ್ತಿದ್ದ ಕಾಲದಲ್ಲಿ ನಮಗೊಂದು ಕಟ್ಟುನಿಟ್ಟಿನ ನಿಯಮವಿತ್ತು. ಅಂಕಿ ತಪ್ಪಾದರೆ ಬ್ಲೇಡಿನಿಂದ ಕೆರೆಯುವ ಹಾಗಿಲ್ಲ. ರಬ್ಬರಿನಿಂದ ಅಳಿಸುವ ಹಾಗಿಲ್ಲ. ತಪ್ಪಿನ ಮೇಲೆಯೇ ದಪ್ಪಗೆ ಇನ್ನೊಂದು ಅಂಕಿ ತಿದ್ದುವ ಹಾಗೂ ಇಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು, ಅಧಿಕಾರಿಯ ಸಹಿ ಹಾಕಿಸಬೇಕು. ಮೊದಲು ಏನಿತ್ತು, ಆಮೇಲೆ ಏನಾಯಿತು, ಯಾರು ತಿದ್ದಿದರು ಎಂಬ ಮೂರನ್ನೂ ಪುಸ್ತಕವೇ ಹೇಳಬೇಕು.

ಮಕ್ಕಳೇ, ಈ ವಾರದ ಮಾತು ಲೆಡ್ಜರಿನದಲ್ಲ, ಒಂದು ಎಲೆಕ್ಟ್ರಿಕ್ ಗಿಟಾರಿನದು. ಆದರೆ ಈ ನಿಯಮ ಸ್ವಲ್ಪ ನೆನಪಿನಲ್ಲಿರಲಿ.

ನಾಲ್ಕು ಊರಿನ ಕ್ಯಾಷಿಯರ್

ನನ್ನ ನೌಕರಿಯೆಲ್ಲ ಕಳೆದದ್ದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ನಾಲ್ಕೇ ಊರಿನ ಶಾಖೆಗಳಲ್ಲಿ. ಹೊಳೆನರಸೀಪುರದಲ್ಲಿ ನನ್ನ ಪಕ್ಕದ ಕೌಂಟರಿನಲ್ಲಿ ಒಬ್ಬ ಕ್ಯಾಷಿಯರ್ ಇದ್ದ. ಹಗಲು ನೋಟು ಎಣಿಸುತ್ತಿದ್ದ ಬೆರಳುಗಳು ಸಂಜೆಯಾದರೆ ತಂತಿ ಮೀಟುತ್ತಿದ್ದವು. ಆಗ ಊರೂರಿಗೂ ಆರ್ಕೆಸ್ಟ್ರಾ. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ಅವರಿಗೆ ಬಿಡುವೇ ಇರುತ್ತಿರಲಿಲ್ಲ. ಆಂಪ್ಲಿಫೈಯರು, ಸ್ಪೀಕರು, ಡ್ರಮ್ಮು ಎಲ್ಲ ಬಸ್ಸಿನ ಟಾಪಿಗೆ ಏರುತ್ತಿದ್ದವು. ಗಿಟಾರು ಮಾತ್ರ ಅವನ ತೊಡೆಯ ಮೇಲೆ. ರಾಜನ್–ನಾಗೇಂದ್ರ ಅವರ ಸಂಗೀತದ ಹಾಡು ಶುರುವಾಗುವ ಮೊದಲು ಬರುವ ಗಿಟಾರಿನ ತುಣುಕನ್ನು ಅವನು ನುಡಿಸಿದರೆ ಮೈದಾನದ ಕೊನೆಯಲ್ಲಿ ಕಡಲೆಕಾಯಿ ಮಾರುವವನೂ ತಲೆ ಎತ್ತುತ್ತಿದ್ದ.

ಆ ಗಿಟಾರು ಕಲ್ಕತ್ತೆಯಲ್ಲಿ ತಯಾರಾದದ್ದು. 1983ರಲ್ಲಿ ಬೆಂಗಳೂರಿನ ಅಂಗಡಿಯಿಂದ ತಂದಿದ್ದ. ಕುಂಕುಮದ ಕೆಂಪು ಬಣ್ಣ, ಬಿಳಿಯ ಪ್ಲಾಸ್ಟಿಕ್ ಮುಖ.

ಗೆಳೆಯ 2009ರಲ್ಲಿ ತೀರಿಕೊಂಡ. ಹೋದ ವರ್ಷ ಅವನ ಹೆಂಡತಿ, ನಾನು ಅತ್ತಿಗೆ ಎಂದು ಕರೆಯುವವರು, ನನ್ನ ಮೊಮ್ಮಗಳು ಗಿಟಾರ್ ಕಲಿಯುತ್ತಿದ್ದಾಳೆಂದು ಕೇಳಿ ಅದನ್ನು ಅವಳಿಗೆ ಕೊಟ್ಟುಬಿಟ್ಟರು. ಹಳೆಯ ಪಂಚೆಯಲ್ಲಿ ಸುತ್ತಿದ್ದ ಅದನ್ನು ಹಾಸನದ ಮನೆಗೆ ತಂದು ಬಿಚ್ಚಿದರೆ ಒಳಗಿದ್ದದ್ದು ಕೆಂಪು ಗಿಟಾರಲ್ಲ, ಕಂದು ಗಿಟಾರು.

ಕಂದು ಎಂದರೆ ಎಂಥ ಕಂದು! ಗೇಟಿಗೆ, ಕಿಟಕಿ ಚೌಕಟ್ಟಿಗೆ ಹೊಡೆಯುವ ಇನಾಮೆಲ್ ಪೇಂಟು. ಅಗಲವಾದ ಬ್ರಷ್ಷಿನಲ್ಲಿ ಎರಡು ಸಲ ಬಳಿದಿದ್ದರು. ಬ್ರಷ್ಷಿನ ಗೆರೆಗಳು ಉತ್ತ ಹೊಲದ ಸಾಲಿನ ಹಾಗೆ ಎದ್ದು ಕಾಣುತ್ತಿದ್ದವು. ಅಂಚಿನಲ್ಲಿ ಪೇಂಟು ಇಳಿದು ತೊಟ್ಟಿನಲ್ಲೇ ಒಣಗಿತ್ತು. ಬ್ರಷ್ಷಿನ ಎರಡು ಕೂದಲು ಅದರಲ್ಲೇ ಸಿಕ್ಕಿಕೊಂಡಿದ್ದವು. ಸ್ಕ್ರೂಗಳ ತಲೆ ಮುಚ್ಚಿಹೋಗಿದ್ದವು. ಧ್ವನಿ ಏರಿಸುವ ಗುಂಡಿ ತಿರುಗುತ್ತಲೇ ಇರಲಿಲ್ಲ.

“ತಾತ, ಇದನ್ನ ಯಾರು ಹೀಗೆ ಹಾಳು ಮಾಡಿದ್ದು?” ಎಂದಳು ಎಂಟನೇ ಕ್ಲಾಸಿನ ಮೊಮ್ಮಗಳು.

“ಅದನ್ನ ಕೇಳಿ ತಿಳ್ಕೊಳ್ಳೋವರೆಗೂ ಹಾಳು ಅನ್ಬಾರದು ಕಣಮ್ಮ” ಎಂದೆ.

ಹೊಟ್ಟೆಯಿಲ್ಲದ ವಾದ್ಯ

ಮುಂದೆ ಹೋಗುವ ಮೊದಲು ಈ ವಾದ್ಯ ನುಡಿಯುವ ಬಗೆಯನ್ನು ತಿಳಿದುಕೊಳ್ಳೋಣ. ನಮ್ಮ ವೀಣೆಗೆ, ತಂಬೂರಿಗೆ ಟೊಳ್ಳಾದ ಕೊಡವಿದೆ. ತಂತಿ ಮೀಟಿದಾಗ ಹುಟ್ಟುವ ಸಣ್ಣ ಸದ್ದನ್ನು ಆ ಹೊಟ್ಟೆ ದೊಡ್ಡದು ಮಾಡುತ್ತದೆ. ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಹೆಚ್ಚಿನವಕ್ಕೆ ಹೊಟ್ಟೆಯೇ ಇಲ್ಲ. ಅದು ಗಟ್ಟಿ ಹಲಗೆ. ಕರೆಂಟಿಲ್ಲದೆ ಮೀಟಿದರೆ ಸೊಳ್ಳೆಯ ಸದ್ದಿನಷ್ಟೇ ಕೇಳುತ್ತದೆ.

ತಂತಿಗಳ ಕೆಳಗೆ ಪಿಕಪ್ ಎಂಬ ಸಣ್ಣ ಪೆಟ್ಟಿಗೆ ಇರುತ್ತದೆ. ಅದರೊಳಗೆ ಅಯಸ್ಕಾಂತ, ಅದರ ಸುತ್ತ ತಲೆಗೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿನ ಉಕ್ಕಿನ ತಂತಿ ಅದುರಿದಾಗ ಅಯಸ್ಕಾಂತದ ಕ್ಷೇತ್ರ ಅಲುಗಾಡುತ್ತದೆ, ತಾಮ್ರದ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರು ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ವ ಇದು. ಅಜ್ಜಂದಿರ ಸೈಕಲ್ ಚಕ್ರಕ್ಕೆ ಉಜ್ಜಿಕೊಂಡು ದೀಪ ಉರಿಸುತ್ತಿದ್ದ ಡೈನಮೋ ಕೂಡ ಇದೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ವಿದ್ಯುತ್ತೂ ಇದೇ. ಅಲ್ಲಿ ಕಾವೇರಿ ತಿರುಗಿಸಿದ್ದನ್ನು ಇಲ್ಲಿ ಬೆರಳು ಅದುರಿಸುತ್ತದೆ, ಅಷ್ಟೇ.

ಗಟ್ಟಿ ಹಲಗೆಯ ಗಿಟಾರನ್ನು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಿಸುವಂತೆ ಮಾಡಿದವರಲ್ಲಿ ಮುಖ್ಯನು ಅಮೆರಿಕದ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್. ಅವನು ಓದಿದ್ದು ಲೆಕ್ಕಪತ್ರ, ಮೊದಲು ಮಾಡಿದ್ದು ಲೆಕ್ಕ ಬರೆಯುವ ಕೆಲಸ. ನನ್ನಂಥ ಬಿಕಾಂ ಗುಮಾಸ್ತರಿಗೆ ಇದು ಹೆಮ್ಮೆಯ ಸಂಗತಿ! ಆಮೇಲೆ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದ. 1954ರಲ್ಲಿ ಅವನ ಕಂಪನಿ ತಂದ ‘ಸ್ಟ್ರಾಟೋಕ್ಯಾಸ್ಟರ್’ ಎಂಬ ಮಾದರಿಯ ಆಕಾರವನ್ನೇ ಇವತ್ತಿಗೂ ಲೋಕವೆಲ್ಲ ನಕಲು ಮಾಡುತ್ತಿದೆ. ನಮ್ಮ ಕಲ್ಕತ್ತೆಯ ಗಿಟಾರಿನ ಆಕಾರವೂ ಅದೇ. ಇಷ್ಟೆಲ್ಲ ಮಾಡಿದ ಫೆಂಡರನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ.

ಅವನ ಕಂಪನಿ ಗಿಟಾರಿಗೆ ಬಳಿಯುತ್ತಿದ್ದದ್ದು ಕಾರಿನ ಬಣ್ಣ. ಫೋರ್ಡ್, ಕ್ಯಾಡಿಲಾಕ್ ಕಾರುಗಳಿಗೆ ಬಳಿದ ಕೆಂಪು, ನೀಲಿಯನ್ನೇ ಗಿಟಾರಿಗೂ ಬಳಿದರು. ಹಾಗಾದರೆ ಕಾರಿನ ಬಣ್ಣ ಸರಿ, ಗೇಟಿನ ಬಣ್ಣ ಏಕೆ ಸರಿಯಲ್ಲ?

ಕಾರಿನ ಬಣ್ಣವನ್ನು ತೆಳುವಾಗಿ ಸಿಂಪಡಿಸುತ್ತಾರೆ, ಒಣಗಿದ ಮೇಲೆ ಉಜ್ಜಿ ನುಣುಪು ಮಾಡುತ್ತಾರೆ. ಗೇಟಿನ ಇನಾಮೆಲ್ಲು ಬಿಸಿಲು ಮಳೆ ತಡೆಯಲೆಂದು ಮಾಡಿದ್ದು. ದಪ್ಪಗೆ ಕೂರುತ್ತದೆ, ತುಂಬ ದಿನ ಅಂಟಂಟಾಗಿರುತ್ತದೆ, ಕೈಬೆವರು ತಗುಲಿದರೆ ಮೆತ್ತಗಾಗುತ್ತದೆ. ಗುಂಡಿಯ ಸಂದಿಗೆ ಇಳಿದರೆ ಗುಂಡಿಯನ್ನು ಹಿಡಿದುಬಿಡುತ್ತದೆ. ಗೇಟಿಗೆ ಅದು ರಕ್ಷೆ, ವಾದ್ಯಕ್ಕೆ ಉಸಿರುಗಟ್ಟುವ ಕಂಬಳಿ.

ಅತ್ತಿಗೆ ಹೇಳಿದ್ದು

ಒಂದು ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ಮೈಸೂರು ಕಡೆಯ ರೈಲಿನಲ್ಲಿ ಹೊಳೆನರಸೀಪುರಕ್ಕೆ ಹೋದೆ. ಅತ್ತಿಗೆಯ ಮನೆ ಹೇಮಾವತಿ ಹೊಳೆಗೆ ಹತ್ತಿರ. ಮಳೆಗಾಲದಲ್ಲಿ ಗೋಡೆಯೆಲ್ಲ ತಂಪು. ಕಾಫಿ ಕೊಟ್ಟು ಅವರೇ ಕೇಳಿದರು:

“ಮಗು ನುಡಿಸ್ತಿದಾಳಾ ಅಣ್ಣ?”

“ಇನ್ನೂ ಇಲ್ಲ ಅತ್ತಿಗೆ. ಬಣ್ಣ ಗುಂಡಿ ಒಳಕ್ಕೆಲ್ಲ ಇಳಿದುಬಿಟ್ಟಿದೆ. ಯಾರ ಕೈಲಿ ಹೊಡೆಸಿದ್ದಿರಿ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ನಾನೇ ಹೊಡೆಸಿದ್ದು ಅಣ್ಣ. ಅವರು ಹೋದ ಮಾರನೇ ವರ್ಷ ಅಟ್ಟದ ಮೇಲಿನ ತೊಟ್ಟಿಲಿಗೆ ಹುಳ ಹಿಡಿದು ಪುಡಿ ಉದುರ್ತಾ ಇತ್ತು. ಇದಕ್ಕೂ ಹಿಡಿದರೆ ಏನು ಗತಿ ಅಂತ ಭಯ ಆಯ್ತು. ಕಿಟಕಿಗೆ ಬಣ್ಣ ಹೊಡೆಯೋಕೆ ಬಂದಿದ್ದ ಹುಡುಗನಿಗೆ, ಇದಕ್ಕೂ ಎರಡು ಕೋಟ್ ಹೊಡಿಯಪ್ಪ, ಒಂದು ಸಂದಿನೂ ಬಿಡಬೇಡ ಅಂದೆ. ಅವನು ಬೇಡ ಅಮ್ಮ ಅಂದ. ನಾನೇ ಬಿಡಲಿಲ್ಲ.”

ಮೊಮ್ಮಗಳು ನನ್ನ ಮುಖ ನೋಡಿದಳು. ಹಾಳು ಮಾಡಿದವರು ಯಾರು ಎಂದು ಕೇಳಿದ್ದಳಲ್ಲ, ಉತ್ತರ ಎದುರಿಗೇ ಕೂತಿತ್ತು. ಆ ಬಣ್ಣ ಯಾರದೋ ಅಸಡ್ಡೆಯಲ್ಲ. ಉಳಿಸಿಕೊಳ್ಳಬೇಕೆಂಬ ಆಸೆಗೆ ಅವರಿಗೆ ಸಿಕ್ಕಿದ ದಾರಿ ಅದೊಂದೇ.

“ಹುಳ ಹಿಡಿದಿಲ್ಲ ಅತ್ತಿಗೆ. ಮರ ಗಟ್ಟಿಯಾಗಿದೆ” ಎಂದೆ. “ಈಗ ಇದು ಮಗುವಿನ ಕೈಗೆ ಬಂದಿದೆ. ಆ ಬಣ್ಣ ತೆಗೆದರೆ ನಿಮಗೆ ಬೇಜಾರಾಗುತ್ತಾ? ಆಗೋ ಹಾಗಿದ್ದರೆ ಬೇಡ. ಗುಂಡಿ ಮಾತ್ರ ಸರಿಮಾಡಿಸ್ತೀವಿ.”

“ತೆಗೀರಿ ಅಣ್ಣ. ಅದರ ಕೆಲಸ ಮುಗೀತಲ್ಲ” ಎಂದರು. ಬಾಗಿಲವರೆಗೆ ಬಂದು ಮತ್ತೆ ಹೇಳಿದರು: “ಕೆಂಪು ಮಾತ್ರ ಇದ್ದರೆ ನೋಡಿ.”

ನಾವು ಕೈಯಲ್ಲಿ ಹೊತ್ತು ತಂದದ್ದು ಈ ಒಂದು ಮಾತನ್ನು. ಹೊಸ ಕೆಂಪು ಬಳಿಯುವುದು ಸುಲಭ. ಹಳೆಯ ಕೆಂಪು ಇದೆಯೇ, ಇದ್ದರೆ ಅದಕ್ಕೆ ನೋವಾಗದಂತೆ ಮೇಲಿನದನ್ನು ತೆಗೆಯುವುದು ಹೇಗೆ ಎನ್ನುವುದೇ ಕಷ್ಟ.

ಎಟಿಎಂ ಕಾರ್ಡಿನ ಕೆಲಸ

ಮಕ್ಕಳೇ, ಇಲ್ಲಿ ಒಂದು ಎಚ್ಚರಿಕೆ. ಹಳೆಯ ಪೇಂಟನ್ನು ಒಣಗಿದ ಮರಳುಕಾಗದದಲ್ಲಿ ಉಜ್ಜಬೇಡಿ. ಹಿಂದಿನ ಇನಾಮೆಲ್ಲುಗಳಲ್ಲಿ ಸೀಸ ಇರುತ್ತಿತ್ತು. ಬಣ್ಣದ ಹೊಳಪಿಗೆ, ಬೇಗ ಒಣಗಲು ಸೇರಿಸುತ್ತಿದ್ದರು. ಅದರ ಪುಡಿ ಉಸಿರಿನಲ್ಲಿ ಹೋದರೆ ಮಕ್ಕಳ ಮಿದುಳಿಗೇ ಪೆಟ್ಟು. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಪೇಂಟಿನಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವಾದರೆ ಸೀಸ ಇದೆ ಎಂದೇ ತಿಳಿದು ನಡೆಯುವುದು ಕ್ಷೇಮ. ಮನೆಯ ಹೊರಗೆ, ಮೂಗಿಗೆ ಒಳ್ಳೆಯ ಮಾಸ್ಕು, ಕೈಗೆ ಗ್ಲೌಸು, ಕೆಳಗೆ ಹಳೆಯ ಪೇಪರು. ಕೆರೆಯುವ ಕೆಲಸ ದೊಡ್ಡವರದೇ.

ಮೊದಲು ತಂತಿಗಳನ್ನು ಒಂದೊಂದಾಗಿ ಸಡಿಲಿಸಿದೆವು. ಆರು ತಂತಿಗಳು ಸೇರಿ ಗಿಟಾರಿನ ಕತ್ತನ್ನು ಸುಮಾರು 40 ಕಿಲೋ ಭಾರದಷ್ಟು ಎಳೆಯುತ್ತಿರುತ್ತವೆ. ಹೆಚ್ಚುಕಡಿಮೆ ನನ್ನ ಮೊಮ್ಮಗಳ ತೂಕ! ಒಮ್ಮೆಲೇ ಬಿಟ್ಟರೆ ಕತ್ತಿಗೆ ಒಳ್ಳೆಯದಲ್ಲ. ಆಮೇಲೆ ಸ್ಕ್ರೂಗಳು. ತಲೆಯಲ್ಲಿ ತುಂಬಿದ್ದ ಪೇಂಟನ್ನು ಸೂಜಿಯಿಂದ ಬಿಡಿಸಿ ಬಿಚ್ಚಿದೆವು. ಬಿಚ್ಚಿದ ಸ್ಕ್ರೂಗಳಿಗೆ ಮೊಮ್ಮಗಳು ಹಳೆಯ ಇಡ್ಲಿ ತಟ್ಟೆ ತಂದಳು. ಒಂದೊಂದು ಕುಳಿಯಲ್ಲಿ ಒಂದೊಂದು ಭಾಗದ ಸ್ಕ್ರೂ, ಪಕ್ಕದಲ್ಲಿ ಚೀಟಿ. ಬ್ಯಾಂಕಿನಲ್ಲಿ ಚಿಲ್ಲರೆ ನಾಣ್ಯ ವಿಂಗಡಿಸುವ ತಟ್ಟೆಗಿಂತ ಚೆನ್ನಾಗಿತ್ತು. ಬಿಚ್ಚುವ ಮೊದಲು ಪ್ರತಿಯೊಂದರ ಫೋಟೋ, ಯಾವ ವೈರು ಎಲ್ಲಿಗೆ ಎಂಬ ಚಿತ್ರ.

ನಂತರ ಪರೀಕ್ಷೆ. ಕತ್ತು ಸೇರುವ ಕಡೆ, ಯಾರಿಗೂ ಕಾಣದ ಮೂಲೆಯಲ್ಲಿ ಹೇರ್ ಡ್ರೈಯರಿನಿಂದ ಬಿಸಿಗಾಳಿ ಬಿಟ್ಟು, ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿನಿಂದ ಮೆಲ್ಲಗೆ ತಳ್ಳಿ ನೋಡಿದೆ. ಕಬ್ಬಿಣದ ಬ್ಲೇಡಾದರೆ ಕೆಳಗಿನದನ್ನೂ ಕೆರೆಯುತ್ತದೆ, ಪ್ಲಾಸ್ಟಿಕ್ ಕಾರ್ಡು ಕೆರೆಯುವುದಿಲ್ಲ. ಕಂದು ಪದರ ಮೆತ್ತಗಾಗಿ, ಹಾಲಿನ ಕೆನೆಯ ಹಾಗೆ ಮಡಿಸಿಕೊಂಡು ಎದ್ದಿತು. ಕೆಳಗೆ ಕೆಂಪು!

ಬಣ್ಣ ಅಷ್ಟು ಸುಲಭವಾಗಿ ಎದ್ದದ್ದು ಏಕೆ ಗೊತ್ತೇ? ಬಳಿದ ಹುಡುಗ ಸರಿಯಾಗಿ ಬಳಿದಿರಲಿಲ್ಲ. ಹೊಸ ಬಣ್ಣ ಗಟ್ಟಿಯಾಗಿ ಹಿಡಿಯಬೇಕಾದರೆ ಹಳೆಯ ನುಣುಪನ್ನು ಮರಳುಕಾಗದದಲ್ಲಿ ಉಜ್ಜಿ ಒರಟು ಮಾಡಿ, ಪ್ರೈಮರ್ ಕೊಡಬೇಕು. ಆ ಹುಡುಗ ಉಜ್ಜಲೇ ಇಲ್ಲ, ಧೂಳನ್ನೂ ಒರೆಸಿರಲಿಲ್ಲ. ಕೆಲಸ ಬಲ್ಲ ಪೇಂಟರ್ ಸಿಕ್ಕಿದ್ದರೆ ಮೊದಲ ದಿನವೇ ಹಳೆಯ ಕೆಂಪನ್ನೆಲ್ಲ ಉಜ್ಜಿ ತೆಗೆದಿರುತ್ತಿದ್ದ. ಅರೆಬರೆ ಕೆಲಸವೇ ಇಲ್ಲಿ ಒಳ್ಳೆಯದಾಯಿತು. ಹೀಗಾಗುವುದು ಅಪರೂಪ, ಆದ್ದರಿಂದ ನಿಮ್ಮ ಹೋಂವರ್ಕಿಗೆ ಇದನ್ನು ಉದಾಹರಣೆ ಕೊಡಬೇಡಿ.

ಬಣ್ಣ ಬಿಡಿಸಲು ಹನ್ನೊಂದು ಸಂಜೆ ಹಿಡಿಯಿತು. ನಡುವೆ ಮೊಮ್ಮಗಳಿಗೆ ಒಂದು ಪ್ರಶ್ನೆ ಬಂತು: ಚನ್ನರಾಯಪಟ್ಟಣದ ಗೊಂಬೆಗಳಿಗೂ ಇನಾಮೆಲ್ ಬಳಿಯುತ್ತಾರಾ? ಎಷ್ಟೋ ಮಕ್ಕಳು ಹೀಗೆ ಹೆಸರು ಬದಲಿಸುತ್ತಾರೆ. ಗೊಂಬೆಯ ಊರು ಬೆಂಗಳೂರು–ಮೈಸೂರು ದಾರಿಯ ಚನ್ನಪಟ್ಟಣ. ನಮ್ಮ ಚನ್ನರಾಯಪಟ್ಟಣದ್ದು ತೆಂಗು, ಮತ್ತು ಅದೇ ತಾಲ್ಲೂಕಿನ ಶ್ರವಣಬೆಳಗೊಳ. ಚನ್ನಪಟ್ಟಣದ ಗೊಂಬೆಗೆ ಹಚ್ಚುವುದು ಅರಗು. ಮರದ ಕೊಂಬೆಯ ಮೇಲೆ ಕೂರುವ ಸಣ್ಣ ಹುಳಗಳು ಸುರಿಸುವ ಅಂಟು ಅದು. ಲೇತಿನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಕರಗಿ ಹಿಡಿಯುತ್ತದೆ. ಅತ್ತಿಗೆ ಹೆದರಿದ್ದೂ ಒಂದು ಹುಳಕ್ಕೆ, ಗೊಂಬೆ ಕಾಯುವುದೂ ಒಂದು ಹುಳದ ಅಂಟು!

ಅರಕಲಗೂಡಿನ ಆಚಾರ್ರು, ಚನ್ನರಾಯಪಟ್ಟಣದ ಮೇಷ್ಟ್ರು

ಕತ್ತನ್ನು ಹಿಡಿಯುವ ನಾಲ್ಕು ಸ್ಕ್ರೂಗಳಲ್ಲಿ ಒಂದರ ತೂತು ಸವೆದು ಸಡಿಲವಾಗಿತ್ತು. ಅದಕ್ಕೆ ಅರಕಲಗೂಡಿನಲ್ಲಿ ನನಗೆ ಪರಿಚಯದ ಮರಗೆಲಸದ ಆಚಾರ್ರು ಬೇಕಾಯಿತು. ಬಾಗಿಲು, ಮಂಚ ಮಾಡುವ ಕೈ. ತೂತಿಗೆ ಗಟ್ಟಿ ಮರದ ಬೆಣೆ ಹೊಡೆದು, ಅಂಟು ಹಾಕಿ, ಒಣಗಿದ ಮೇಲೆ ಹೊಸದಾಗಿ ಕೊರೆದರು. ಬೆರಳು ಒತ್ತುವ ಪಟ್ಟಿಯ ಮೇಲೆ ಬಿದ್ದಿದ್ದ ಪೇಂಟಿನ ಹನಿಗಳನ್ನು ಉಳಿಯ ತುದಿಯಿಂದ ಎಬ್ಬಿಸಿ, ಒರೆಸಿ ನೋಡಿ, “ಇದು ಬೀಟೆ ಸಾರ್. ನಮ್ಮ ಮಲೆನಾಡಿನ ಮರ” ಎಂದರು.

ಅವರ ಮಾತು ನಿಜ. ಸಕಲೇಶಪುರದ ಕಡೆಯ ಕಾಡಿನಲ್ಲೂ ಬೆಳೆಯುವ ಬೀಟೆಗೆ ಜಗತ್ತಿನ ಗಿಟಾರ್ ತಯಾರಕರಲ್ಲಿ ದೊಡ್ಡ ಹೆಸರು. ಬ್ರೆಜಿಲಿನ ಬೀಟೆ ಜಾತಿಯ ಮರ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಎಂಬ ಹಳೆಯ ಗಿಟಾರ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಬದಲಾಯಿತು. ಮರಗಳು ಮುಗಿದುಹೋಗದಿರಲೆಂದು 2017ರಲ್ಲಿ ಆ ಜಾತಿಯ ಎಲ್ಲ ಮರಗಳ ವಿದೇಶಿ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟುಪಾಡು ಬಂತು. ತಯಾರಾದ ವಾದ್ಯಗಳಿಗೆ 2019ರಲ್ಲಿ ಅದನ್ನು ಸಡಿಲಿಸಿದರು. ನಮ್ಮ ಘಟ್ಟದ ಮರ ಕಲ್ಕತ್ತೆಗೆ ಹೋಗಿ ಗಿಟಾರಾಗಿ ಮತ್ತೆ ನಮ್ಮ ಜಿಲ್ಲೆಗೇ ಬಂದು ಕೂತಿತ್ತೋ ಏನೋ!

ಅಂಟು ಒಣಗುವವರೆಗೆ ಮೊಮ್ಮಗಳನ್ನು ಅದೇ ತಾಲ್ಲೂಕಿನ ರುದ್ರಪಟ್ಟಣಕ್ಕೆ ಕರೆದುಕೊಂಡು ಹೋದೆ. ಕಾವೇರಿ ದಂಡೆಯ ಪುಟ್ಟ ಊರು. ಗಾಯಕ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಇಲ್ಲಿ. ರುದ್ರಪಟ್ಟಣಂ ಸಹೋದರರ ಹೆಸರಿನಲ್ಲೇ ಊರಿದೆ. ವಿದ್ವಾಂಸ ಆರ್.ಕೆ. ಪದ್ಮನಾಭ ಅವರು ಕಟ್ಟಿಸಿದ ಸಪ್ತಸ್ವರ ದೇವತಾ ಧ್ಯಾನ ಮಂದಿರ ನೋಡಿ ಮೊಮ್ಮಗಳು ಬಾಯಿಬಿಟ್ಟಳು. ಕಟ್ಟಡವೇ ನಿಲ್ಲಿಸಿದ ತಂಬೂರಿಯ ಆಕಾರದಲ್ಲಿದೆ! “ತಾತ, ಇದಕ್ಕೆ ಹೊಟ್ಟೆ ಇದೆ” ಎಂದಳು. ಪಾಠ ತಲೆಗೆ ಹೋಗಿತ್ತು.

ಇನ್ನು ವಿದ್ಯುತ್ತಿನ ಕೆಲಸ. ಚನ್ನರಾಯಪಟ್ಟಣದಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡಿ ತಲೆ ನರೆತ ಒಬ್ಬರಿದ್ದಾರೆ. ಎಲ್ಲರೂ ರೇಡಿಯೋ ಮೇಷ್ಟ್ರು ಎನ್ನುತ್ತಾರೆ. ಮೀಟರು ಇಟ್ಟು ನೋಡಿ ಪಿಕಪ್ಪಿನ ಸುರುಳಿಗಳು ಜೀವಂತವಾಗಿವೆ ಎಂದರು. ಕೆಟ್ಟಿದ್ದದ್ದು ಧ್ವನಿಯ ಗುಂಡಿ ಮತ್ತು ಒಂದು ಬೆಸುಗೆ. “ಗುಂಡಿ ಹೊಸದು ಹಾಕ್ತೀನಿ. ಸುರುಳಿ ಮುಟ್ಟಲ್ಲ. ಚೆನ್ನಾಗಿರೋದನ್ನ ಚೆನ್ನಾಗಿದೆ ಅಂತ ಬಿಡೋದೂ ರಿಪೇರಿನೇ” ಎಂದರು. ಲಿಯೋ ಫೆಂಡರ್ ಕೂಡ ರೇಡಿಯೋ ಮೇಷ್ಟ್ರೇ ಅಲ್ಲವೇ?

ಕೆಂಪು ಅಳಿಸಿದ ಜಾಗ

ಇಷ್ಟೆಲ್ಲ ಆದ ಮೇಲೆ ನಮ್ಮ ಮನೆಯಲ್ಲಿ ಒಂದು ಜಗಳ ಹುಟ್ಟಿತು. ಬಿಡಿಸಿದ ಮೇಲೆ ಕಂಡ ಕೆಂಪು ಅಂಗಡಿಯ ಕೆಂಪಾಗಿರಲಿಲ್ಲ. ಹಿಂಬದಿಯಲ್ಲಿ ಬೆಲ್ಟಿನ ಬಕಲ್ಲು ಉಜ್ಜಿ ಗೀರುಗಳು. ಅಂಚಿನಲ್ಲಿ ಬಸ್ಸಿನ ಸೀಟಿಗೆ ತಗುಲಿದ ಪೆಟ್ಟುಗಳು. ಮುಂಭಾಗದ ಮೇಲಂಚಿನಲ್ಲಿ ಅಂಗೈ ಅಗಲದ ಜಾಗದಲ್ಲಿ ಕೆಂಪು ಪೂರ್ತಿ ಸವೆದು ಬರೀ ಮರ ಕಾಣುತ್ತಿತ್ತು.

“ಈಗ ಹೊಸದಾಗಿ ಕಪ್ಪು ಸ್ಪ್ರೇ ಮಾಡಿಸೋಣ ತಾತ, ಹೊಳೆಯೋ ಹಾಗೆ” ಎಂದಳು ಮೊಮ್ಮಗಳು. ಅವಳ ಅಪ್ಪನೂ ಅವಳ ಪಕ್ಷ. ಅವಳ ಅಜ್ಜಿ ಮಾತ್ರ, “ನಿಮ್ಮ ಗೆಳೆಯರು ಇದ್ದಿದ್ದರೆ ಏನು ಅಂತಿದ್ದರು?” ಎಂದು ಪಕ್ಕಕ್ಕೆ ನಿಂತಳು.

ನಾನು ಅವಳಿಗೆ ಇಂಗ್ಲೆಂಡಿನ ಬೀಟಲ್ಸ್ ತಂಡದ ಇಬ್ಬರ ಕತೆ ಹೇಳಿದೆ. ಜಾರ್ಜ್ ಹ್ಯಾರಿಸನ್ ನಮ್ಮ ರವಿಶಂಕರ್ ಅವರಲ್ಲಿ ಸಿತಾರ್ ಕಲಿತವನು. ಅವನ ಹತ್ತಿರ ತಿಳಿನೀಲಿ ಸ್ಟ್ರಾಟೋಕ್ಯಾಸ್ಟರ್ ಇತ್ತು. 1967ರಲ್ಲಿ ಅದರ ಮೇಲೆ ಕಣ್ಣು ಕುಕ್ಕುವ ಬಣ್ಣಗಳನ್ನು ತಾನೇ ಬಳಿದ. ಹೆಂಡತಿಯ ಉಗುರು ಬಣ್ಣವನ್ನೂ ಬಿಡಲಿಲ್ಲ! ಕೆಲಸದ ಲೆಕ್ಕದಲ್ಲಿ ಅದೂ ಅರೆಬರೆ ಬಣ್ಣವೇ. ಆದರೆ ಇವತ್ತು ಅದನ್ನು ಕೆರೆದು ತಿಳಿನೀಲಿ ಮಾಡುತ್ತೇನೆಂದು ಯಾರಾದರೂ ಹೊರಟರೆ ಲೋಕವೇ ಕೈ ಹಿಡಿಯುತ್ತದೆ. ಅದೇ ತಂಡದ ಜಾನ್ ಲೆನನ್ 1968ರಲ್ಲಿ, ಅವರೆಲ್ಲ ಹೃಷಿಕೇಶಕ್ಕೆ ಬಂದು ಹೋದ ವರ್ಷ, ತನ್ನ ಗಿಟಾರಿನ ಬಣ್ಣವನ್ನೆಲ್ಲ ತೆಗೆಸಿ ಬರೀ ಮರ ಉಳಿಸಿಕೊಂಡ. ಅದು ಅವನದೇ ವಾದ್ಯ, ಅವನದೇ ಇಷ್ಟ. ಆ ಬರಿಮೈ ಗಿಟಾರೂ ಈಗ ಚರಿತ್ರೆ.

“ಹಾಗಾದರೆ ತೆಗೆಯೋದು ಸರಿನೋ, ಬಿಡೋದು ಸರಿನೋ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ನಮ್ಮ ಜಿಲ್ಲೆಯಲ್ಲೇ ಇದಕ್ಕೊಂದು ಉತ್ತರವಿದೆ. ಹೊಯ್ಸಳರ ಕಾಲದ ಕುಸುರಿ ಕೆತ್ತಿದ್ದು ಬಳಪದ ಕಲ್ಲಿನಲ್ಲಿ. ಹಳೇಬೀಡಿನ ಗೋಡೆಯ ಮೇಲೆ ಮದ್ದಳೆ, ಕೊಳಲು ಹಿಡಿದವರ ಬೆರಳಿನ ಉಂಗುರವೂ ಕಾಣುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ಪಟ್ಟಿಗೆ ಸೇರಿದವು. ಆದರೆ ಎಷ್ಟೋ ಹಳ್ಳಿಗಳ ಹಳೆಯ ಗುಡಿಗಳಲ್ಲಿ ಕೆತ್ತನೆಯ ಮೇಲೆ ವರ್ಷ ವರ್ಷದ ಸುಣ್ಣ, ಅದರ ಮೇಲೆ ಎಣ್ಣೆ ಬಣ್ಣ. ಅದನ್ನು ಬಳಿದವರು ಗುಡಿಯ ಶತ್ರುಗಳಲ್ಲ. ಜಾತ್ರೆ ಬಂತು, ದೇವರ ಮನೆ ಬೆಳ್ಳಗಿರಲಿ ಎಂದು ಬಳಿದ ಭಕ್ತರು. ಸುಣ್ಣ ಬಿಡಿಸುವ ತಜ್ಞರು ಮೊದಲು ಮೂಲೆಯಲ್ಲಿ ಪರೀಕ್ಷೆ ಮಾಡಿ, ಕೆಳಗೆ ಹಳೆಯ ಚಿತ್ರವೋ ಶಾಸನವೋ ಇದೆಯೇ ನೋಡಿ, ಕಲ್ಲಿಗೆ ನೋವಾಗದಂತೆ ಪದರ ಪದರವಾಗಿ ತೆಗೆಯುತ್ತಾರೆ. ಕಲ್ಲು ಕಂಡ ಮೇಲೆ ಹೊಸದರಂತೆ ಹೊಳೆಯಲೆಂದು ಅದನ್ನು ಮತ್ತೆ ಉಜ್ಜುವುದಿಲ್ಲ. ಅಲ್ಲಿಗೆ ನಿಲ್ಲಿಸುತ್ತಾರೆ.

ಮೊಮ್ಮಗಳು ಯೋಚಿಸಿ, “ಅಜ್ಜಿನೇ ಕೇಳೋಣ” ಎಂದಳು. ಅವಳು ಅಜ್ಜಿ ಎಂದದ್ದು ಹೊಳೆನರಸೀಪುರದ ಅತ್ತಿಗೆಯನ್ನು.

ಮತ್ತೆ ಹೋದೆವು. ಅತ್ತಿಗೆ ಗಿಟಾರನ್ನು ಮಡಿಲಲ್ಲಿ ಇಟ್ಟುಕೊಂಡು, ಕೆಂಪು ಸವೆದ ಆ ಜಾಗದ ಮೇಲೆ ಕೈ ಇಟ್ಟರು. “ಇಲ್ಲೇ ಅವರ ಮೊಳಕೈ ಊರ್ತಾ ಇತ್ತು” ಎಂದರು. ನೋಡಿದರೆ ಹೌದು! ಗಿಟಾರ್ ಹಿಡಿದರೆ ಬಲಗೈ ಮುಂದೋಳು ಕೂರುವುದು ಸರಿಯಾಗಿ ಆ ಅಂಚಿನ ಮೇಲೆ. ವರ್ಷಗಟ್ಟಲೆ ಬೆವರು, ಷರ್ಟಿನ ತೋಳು ಸೇರಿ ಉಜ್ಜಿದ್ದು. ಹದಿನಾಲ್ಕು ಹದಿನೈದು ವರ್ಷ ಆ ಗುರುತು ಗೇಟಿನ ಬಣ್ಣದ ಕೆಳಗೆ ಭದ್ರವಾಗಿ ಕೂತಿತ್ತು. ಯಾವ ಬಣ್ಣವನ್ನು ನಾವು ಕೆಟ್ಟದ್ದು ಎಂದೆವೋ ಅದೇ ಕಾದಿತ್ತು.

“ಇದನ್ನ ಮುಚ್ಚಲ್ಲ ಅಜ್ಜಿ” ಎಂದಳು ಮೊಮ್ಮಗಳು. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಹೀಗಾಗಿ ಹೊಸ ಬಣ್ಣ ಬರಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ತೆಳುವಾಗಿ ಮೇಣ ಹಚ್ಚಿದೆವು, ಅಷ್ಟೇ. ಹಿಂಬದಿಯಲ್ಲಿ ಕತ್ತು ಸೇರುವ ತಗಡಿನ ಪಕ್ಕ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕಂದು ಬಣ್ಣವನ್ನು ಹಾಗೆಯೇ ಬಿಟ್ಟಿದ್ದೇವೆ. ಅತ್ತಿಗೆಯ ಪಾಲೂ ಅದರ ಕತೆಯಲ್ಲಿ ಇರಬೇಕಲ್ಲ. ಒಳಗಿನ ಗೂಡಿನಲ್ಲಿ ಒಂದು ಚೀಟಿ ಇಟ್ಟಿದ್ದೇವೆ: ಕೊಂಡ ವರ್ಷ, ಬಳಿದ ವರ್ಷ, ಬಿಡಿಸಿದ ತಿಂಗಳು, ಬದಲಿಸಿದ ಗುಂಡಿ. ಕೆಳಗೆ ಮೊಮ್ಮಗಳ ಸಹಿ.

ನೀವೂ ಮಾಡಬಹುದಾದದ್ದು

ನಿಮ್ಮ ಮನೆಯಲ್ಲೂ ಮೇಲೆ ಬಣ್ಣ ಬಳಿದ ಹಳೆಯ ವಸ್ತು ಇರಬಹುದು. ಅಜ್ಜಿಯ ಹಿಟ್ಟಿನ ಪೆಟ್ಟಿಗೆ, ಮುತ್ತಜ್ಜನ ಬರೆಯುವ ಮೇಜು, ತೊಟ್ಟಿಲು, ಹಾರ್ಮೋನಿಯಂ. ರಜೆಯಲ್ಲಿ ಅದನ್ನು ಚಂದ ಮಾಡುವ ಆಸೆ ಬಂದರೆ ಮೊದಲು ಮರಳುಕಾಗದ ಹುಡುಕಬೇಡಿ. ಮನೆಯ ಹಿರಿಯರ ಪಕ್ಕದಲ್ಲಿ ಕೂತು ನಾಲ್ಕು ಪ್ರಶ್ನೆ ಕೇಳಿ. ಇದಕ್ಕೆ ಮೊದಲು ಯಾವ ಬಣ್ಣ ಇತ್ತು? ಈ ಬಣ್ಣ ಬಳಿದವರು ಯಾರು? ಏಕೆ ಬಳಿದರು? ಇದರಲ್ಲಿ ಯಾವ ಗುರುತು ಯಾರದು? ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು ಆ ವಸ್ತುವಿನ ಒಳಗೇ ಇಡಿ. ಆಮೇಲೆ ತೆಗೆಯಬೇಕೋ ಬಿಡಬೇಕೋ ಎಂದು ಎಲ್ಲರೂ ಕೂತು ತೀರ್ಮಾನಿಸಿ. ಎಷ್ಟೋ ಸಲ ಒದ್ದೆ ಬಟ್ಟೆ ಸಾಕಾಗುತ್ತದೆ.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಮಕ್ಕಳು, “ಇದನ್ನ ಯಾರು ಹಾಳು ಮಾಡಿದ್ದು?” ಎಂದು ಕೇಳಿದರೆ ಸಿಟ್ಟಾಗಬೇಡಿ. ಕತೆಯನ್ನು ಹೇಳಿಬಿಡಿ. ನೀವು ಹೇಳದಿದ್ದರೆ ಅವರಿಗೆ ಕಾಣುವುದು ಬಣ್ಣ ಮಾತ್ರ.